ಯಾರೂ ಆಡದ ಆಟಗಳ ಚಿತ್ರಗಳು

ಎಲ್ಜಾ ವಾಕರ್ ಕಾಲೇಜು ಹುಡುಗಿ, ಬೈಕ್ ರೇಸಿನವಳು. ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ಚಿತ್ರಕಾರರು 1996ರಲ್ಲಿ ಅವಳಿಗೆ ಮುಖ ಕೊಟ್ಟರು, ರೇಸಿನ ಉಡುಪು ತೊಡಿಸಿದರು, ಹೆಣಗಳು ಎದ್ದು ಓಡಾಡುವ ಊರಿನ ಪೊಲೀಸ್ ಠಾಣೆಯೊಳಕ್ಕೆ ಬೈಕ್ ಸಮೇತ ನುಗ್ಗಿಸಿದರು. ‘ರೆಸಿಡೆಂಟ್ ಈವಿಲ್ 2’ ಎಂಬ ವಿಡಿಯೋ ಗೇಮಿಗೆ ಅವಳೇ ನಾಯಕಿಯಾಗಬೇಕಿತ್ತು. ಕೆಲಸ ಅರ್ಧಕ್ಕಿಂತ ಹೆಚ್ಚು ಮುಗಿದಿದ್ದಾಗ, 1997ರ ಆರಂಭದಲ್ಲಿ, ನಿರ್ಮಾಪಕ ಶಿಂಜಿ ಮಿಕಾಮಿಯವರ ತಂಡ ಎಲ್ಲವನ್ನೂ ಬದಿಗಿಟ್ಟು ಮೊದಲಿನಿಂದ ಶುರುಮಾಡಿತು. 1998ರ ಜನವರಿಯಲ್ಲಿ ಆಟ ಅಂಗಡಿಗೆ ಬಂದಾಗ ಎಲ್ಜಾಳ ಜಾಗದಲ್ಲಿ ಕ್ಲೇರ್ ರೆಡ್‌ಫೀಲ್ಡ್ ನಿಂತಿದ್ದಳು. ಬೋಳು ಗೋಡೆಯ ಹೊಸಕಾಲದ ಠಾಣೆ ಹೋಗಿ, ಹಳೆಯ ವಸ್ತುಸಂಗ್ರಹಾಲಯವನ್ನು ಠಾಣೆ ಮಾಡಿಕೊಂಡಂಥ ಭವ್ಯ ಕಟ್ಟಡ ಬಂದಿತ್ತು.

ಹಾಗಿದ್ದೂ ಎಲ್ಜಾ ಸಾಯಲಿಲ್ಲ. ಅವಳ ಚಿತ್ರಗಳು ಆ ಕಾಲದ ಗೇಮ್ ಪತ್ರಿಕೆಗಳಲ್ಲಿ ಅಚ್ಚಾಗಿದ್ದವು. ನೋಡಿದವರು ಕತ್ತರಿಸಿ ಇಟ್ಟುಕೊಂಡರು, ಕೇಳುತ್ತಲೇ ಇದ್ದರು. 2013ರಲ್ಲಿ ಆ ಅರೆಬರೆ ಆಟದ ಒಂದು ಪ್ರತಿಯೇ ಹೊರಬಿತ್ತು. 2019ರಲ್ಲಿ ಕ್ಯಾಪ್‌ಕಾಮ್ ಇದೇ ಆಟವನ್ನು ಹೊಸದಾಗಿ ಕಟ್ಟಿದಾಗ, ಕ್ಲೇರ್‌ಗೆ ತೊಡಿಸಬಹುದಾದ ಉಡುಪುಗಳಲ್ಲಿ ಒಂದಕ್ಕೆ ಎಲ್ಜಾ ವಾಕರ್ ಎಂದು ಹೆಸರಿಟ್ಟಿತು. ಎರಡು ದಶಕ ದಾಟಿದ ಮೇಲೆ ಆ ಹುಡುಗಿಗೆ ಅವಳದೇ ಆಟದಲ್ಲಿ ಕಾಲಿಡಲು ಜಾಗ ಸಿಕ್ಕಿತು. ಇದು ಸಾಧ್ಯವಾದದ್ದು ಯಾರೋ ಬರೆದ ಹಾಳೆಗಳನ್ನು ಇನ್ಯಾರೋ ಎಸೆಯದೆ ಇಟ್ಟುಕೊಂಡಿದ್ದರಿಂದ.

ನಾನು ಯಗಟಿಯವನು. ಕಡೂರು ತಾಲ್ಲೂಕಿನ ಈ ಹೋಬಳಿ ಊರಿನಿಂದ ಹೋಗಿ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಚಿತ್ರಕಲೆ ಕಲಿತೆ. ಅಲ್ಲಿಂದ ಬೆಂಗಳೂರಿಗೆ ಹೋಗಿ ವಿಡಿಯೋ ಗೇಮ್‌ಗಳಿಗೆ ಚಿತ್ರ ಬರೆಯುವ ಕೆಲಸ ಹಿಡಿದೆ. ಈಗ ಊರಿಗೆ ಮರಳಿ ತೆಂಗಿನ ತೋಟ ನೋಡಿಕೊಳ್ಳುತ್ತೇನೆ, ಸಂಜೆ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತೇನೆ. ನಾನು ಮಾಡುತ್ತಿದ್ದ ಕೆಲಸಕ್ಕೆ ಕಾನ್ಸೆಪ್ಟ್ ಆರ್ಟ್ ಎನ್ನುತ್ತಾರೆ. ಪ್ರೋಗ್ರಾಂ ಬರೆಯುವವರು ಕೂರುವ ಮೊದಲು, ಆಟದ ನಾಯಕ ಹೇಗಿರಬೇಕು, ಅವನ ಊರು ಯಾವ ಕಲ್ಲಿನದು, ದೀಪ ಯಾವ ಬಣ್ಣದ್ದು, ಬಾಗಿಲ ಅಗುಳಿ ಎಲ್ಲಿದೆ ಎಂದೆಲ್ಲ ಚಿತ್ರದಲ್ಲಿ ಬರೆದು ತೋರಿಸುವ ಕೆಲಸ ಅದು. ಆಟ ಬಿಡುಗಡೆಯಾದರೆ ಈ ಚಿತ್ರಗಳು ದಪ್ಪ ಹೊದಿಕೆಯ ಪುಸ್ತಕವಾಗಿ ಮಾರಾಟವಾಗುತ್ತವೆ. ಆಟ ನಿಂತುಹೋದರೆ ಆ ಆಟ ಒಂದು ಕಾಲದಲ್ಲಿ ಇತ್ತು ಎನ್ನುವುದಕ್ಕೆ ಈ ಚಿತ್ರಗಳೇ ಸಾಕ್ಷಿ. ಅಂಥ ಚಿತ್ರಗಳ ಚರಿತ್ರೆಯನ್ನು, ಅದರಲ್ಲಿ ನಮ್ಮ ಬೆಂಗಳೂರಿನ ಪಾಲನ್ನು ಕನ್ನಡದಲ್ಲಿ ಬರೆದಿಡಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೆ.

ಯಗಟಿಗೆ ಟಿವಿ ಗೇಮ್ ಬಂದದ್ದು ತೊಂಬತ್ತರ ದಶಕದ ನಡುವೆ. ಬಸ್‌ಸ್ಟ್ಯಾಂಡಿನ ಹತ್ತಿರ ಹಾಡಿನ ಕ್ಯಾಸೆಟ್ ಅಂಗಡಿ ಇಟ್ಟಿದ್ದವರೊಬ್ಬರು ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಿಂದ ಒಂದು ಸೆಟ್ ತಂದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಪೋರ್ಟಬಲ್ ಟಿವಿಗೆ ಅದನ್ನು ಜೋಡಿಸಿ, ಅರ್ಧ ಗಂಟೆಗೆ ಇಷ್ಟು ಎಂದು ದುಡ್ಡು ತೆಗೆದುಕೊಂಡು ಆಡಲು ಬಿಡುತ್ತಿದ್ದರು. ಅದು ನಿಂಟೆಂಡೋ ಕಂಪನಿಯ ಫ್ಯಾಮಿಕಾಮ್ ಯಂತ್ರದ ನಕಲು. ಅಸಲಿ ಯಂತ್ರ ಜಪಾನಿನಲ್ಲಿ ಬಿಡುಗಡೆಯಾದದ್ದು 1983ರ ಜುಲೈ 15ರಂದು. ನಮ್ಮ ಊರಿಗೆ ಅದರ ನೆರಳು ಬರುವ ಹೊತ್ತಿಗೆ ಜಪಾನಿನಲ್ಲಿ ಎರಡು ತಲೆಮಾರಿನ ಹೊಸ ಯಂತ್ರಗಳು ಬಂದಾಗಿತ್ತು. ನಮಗೆ ಅದರ ಚಿಂತೆಯಿರಲಿಲ್ಲ. ಗೇಮ್ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ, ಗೂಡಿಗೆ ತುರುಕಿ, ಸ್ವಿಚ್ ಒತ್ತಿ, ಚಿತ್ರ ಬಂದರೆ ಕೂಗು ಹಾಕುತ್ತಿದ್ದೆವು.

ಆ ಹಳದಿ ಕ್ಯಾಸೆಟ್ಟುಗಳ ಮೇಲಿನ ಲೇಬಲ್ಲೇ ನನ್ನ ಮೊದಲ ಪಾಠ. ಅಂಗೈ ಅಗಲದ ಹೊಳಪು ಕಾಗದದಲ್ಲಿ ಒಬ್ಬ ಮಿಲಿಟರಿಯವನು, ಒಂದು ಡ್ರ್ಯಾಗನ್, ಒಂದು ಕಾರು, ಒಬ್ಬ ಕೊಂಬಿನ ರಾಕ್ಷಸ ಒತ್ತೊತ್ತಾಗಿ ನಿಂತಿರುತ್ತಿದ್ದರು. ಮಿಲಿಟರಿಯವನ ತೋಳಿನ ನರ ಕಾಣುತ್ತಿತ್ತು, ಬೆವರು ಕಾಣುತ್ತಿತ್ತು. ಆಟ ಹಾಕಿದರೆ ಟಿವಿಯಲ್ಲಿ ಅದೇ ಮಿಲಿಟರಿಯವನು ನಾಲ್ಕೈದು ಬಣ್ಣದ ಚುಕ್ಕಿಗಳ ಗುಂಪು. ಕೊಂಬಿನ ರಾಕ್ಷಸ ಯಾವ ಆಟದಲ್ಲೂ ಇರಲಿಲ್ಲ.

“ಅಣ್ಣಾ, ಈ ರಾಕ್ಷಸ ಯಾವಾಗ ಬರ್ತಾನೆ?”

“ಮುಂದಿನ ಸ್ಟೇಜಿಗೆ ಬರ್ತಾನೆ ಕಣೋ, ಆಡು.”

ಸ್ಟೇಜು ಎಷ್ಟು ದಾಟಿದರೂ ಅವನು ಬರಲಿಲ್ಲ. ನಾನು ಮನೆಗೆ ಹೋಗಿ ಗಣಿತದ ಗ್ರಾಫ್ ಹಾಳೆಯಲ್ಲಿ ಅವನನ್ನು ಚೌಕ ಚೌಕವಾಗಿ ತುಂಬಿ ಬರೆಯಲು ಕೂರುತ್ತಿದ್ದೆ. ಕೊಂಬಿಗೆ ಜಾಗ ಕೊಟ್ಟರೆ ಕಣ್ಣಿಗೆ ಜಾಗವಿಲ್ಲ, ಕಣ್ಣಿಗೆ ಕೊಟ್ಟರೆ ಹಲ್ಲಿಗಿಲ್ಲ. ಜಪಾನಿನವರೂ ಇದೇ ರೀತಿ ಗ್ರಾಫ್ ಹಾಳೆಯಲ್ಲಿ ಚೌಕ ತುಂಬುತ್ತಿದ್ದರು ಎಂದು ತಿಳಿದದ್ದು ಬೆಂಗಳೂರಿಗೆ ಹೋದ ಮೇಲೆ.

ಫ್ಯಾಮಿಕಾಮ್ ಯಂತ್ರದ ಶಕ್ತಿ ಎಷ್ಟಿತ್ತು ಎಂದು ಹೇಳಿದರೆ ಆ ಕಾಲದ ಚಿತ್ರಕಾರರ ಕಷ್ಟ ಅರ್ಥವಾಗುತ್ತದೆ. ಪರದೆಯ ಅಗಲ 256 ಚುಕ್ಕಿ, ಎತ್ತರ 240. ಅಷ್ಟನ್ನೂ 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಬಿಲ್ಲೆಗಳಲ್ಲಿ ಕಟ್ಟಬೇಕು. ಓಡಾಡುವ ಒಂದೊಂದು ಬಿಲ್ಲೆಗೆ ಮೂರೇ ಬಣ್ಣ, ನಾಲ್ಕನೆಯದು ಪಾರದರ್ಶಕ. ಒಂದೇ ಸಾಲಿನಲ್ಲಿ ಅಂಥ ಎಂಟಕ್ಕಿಂತ ಹೆಚ್ಚು ಬಿಲ್ಲೆ ನಿಂತರೆ ಉಳಿದವು ಮಾಯ. ಇದಕ್ಕೂ ಮೊದಲು, 1981ರಲ್ಲಿ ನಿಂಟೆಂಡೋದ ಶಿಗೆರು ಮಿಯಾಮೊಟೊ ನಾಣ್ಯ ಹಾಕಿ ಆಡುವ ‘ಡಾಂಕಿ ಕಾಂಗ್’ ಎಂಬ ಆಟಕ್ಕೆ ಮಾರಿಯೋನನ್ನು ಬರೆದಾಗ, ಕೂದಲು ಬರೆಯಲು ಚುಕ್ಕಿ ಸಾಲದೆ ಟೋಪಿ ಹಾಕಿದರು. ಬಾಯಿ ಬರೆಯಲಾಗದೆ ಮೀಸೆ ಅಂಟಿಸಿದರು. ಓಡುವಾಗ ಕೈ ಬೇರೆಯಾಗಿ ಕಾಣಲೆಂದು ಹೆಗಲಪಟ್ಟಿಯ ಪ್ಯಾಂಟು ತೊಡಿಸಿದರು. ಜಗತ್ತಿನ ಮಕ್ಕಳೆಲ್ಲ ಬಲ್ಲ ಆ ಮುಖವನ್ನು ಯಂತ್ರದ ಬಡತನವೇ ತಿದ್ದಿ ಕೊಟ್ಟಿತು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಹಾದಿಗಳನ್ನೂ ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಕೈಯಿಂದಲೇ ಗ್ರಾಫ್ ಹಾಳೆಯಲ್ಲಿ ಬರೆದರು. ಬದಲಾವಣೆ ಬೇಕಾದಾಗ ಹಾಳೆಯ ಮೇಲೆ ತೆಳು ಕಾಗದ ಹೊದಿಸಿ, ತಿದ್ದುವುದನ್ನು ಅದರ ಮೇಲೆ ಬರೆದು ಪ್ರೋಗ್ರಾಂ ಬರೆಯುವವರ ಕೈಗೆ ಕೊಡುತ್ತಿದ್ದರು.

ಇನ್ನೊಂದು ಕಡೆ ಯಂತ್ರದ ಬಡತನಕ್ಕೆ ಸೊಪ್ಪು ಹಾಕದವರೂ ಇದ್ದರು. 1987ರ ‘ಫೈನಲ್ ಫ್ಯಾಂಟಸಿ’ ಆಟಕ್ಕೆ ಯೊಶಿತಾಕಾ ಅಮಾನೊ ಬರೆದದ್ದು ಹೊಗೆಯಂತೆ ಹರಿಯುವ ಬಟ್ಟೆಯ, ನವಿರು ಗೆರೆಯ ಯೋಧರನ್ನು. ಅವು ಟಿವಿಗೆ ಬರುವಾಗ ಗಿಡ್ಡ ದೇಹ, ದಪ್ಪ ತಲೆಯ ಪುಟ್ಟ ಗೊಂಬೆಗಳಾದವು. ಆಡುವ ಮಗು ಆ ಗೊಂಬೆಯನ್ನು ನೋಡುತ್ತಲೇ ಮನಸ್ಸಿನಲ್ಲಿ ಅಮಾನೊ ಬರೆದ ಯೋಧನನ್ನು ಕಾಣುತ್ತಿತ್ತು. ಹಳೆಯ ಯಂತ್ರಗಳ ಕಾಲದ ಚಿತ್ರಗಳ ಮಹತ್ವ ಇರುವುದೇ ಇಲ್ಲಿ. ಯಂತ್ರಕ್ಕೆ ತೋರಿಸಲಾಗದ್ದನ್ನು ಹಾಳೆ ತೋರಿಸಿತ್ತು. ಇವತ್ತಿನ ಯಂತ್ರ ಹಾಳೆಯಲ್ಲಿದ್ದದ್ದನ್ನೆಲ್ಲ ತೋರಿಸಬಲ್ಲದು. ಆಗ ಆಟಕ್ಕಿಂತ ಹಾಳೆಯೇ ದೊಡ್ಡದಿತ್ತು.

ತೊಂಬತ್ತರ ದಶಕದಲ್ಲಿ ಆಟಗಳು ಸಾಲುಸಾಲಾಗಿ ನಿಂತುಹೋದದ್ದಕ್ಕೆ ಒಂದು ಬಲವಾದ ಕಾರಣವಿತ್ತು. ಯಂತ್ರಗಳು ನಾಲ್ಕೈದು ವರ್ಷಕ್ಕೊಮ್ಮೆ ಬದಲಾಗುತ್ತಿದ್ದವು. ಜೊತೆಗೆ ಚುಕ್ಕಿಯ ಚಪ್ಪಟೆ ಚಿತ್ರ ಹೋಗಿ ತ್ರಿಕೋನಗಳಿಂದ ಕಟ್ಟಿದ ಮೂರು ಆಯಾಮದ ಚಿತ್ರ ಬರುತ್ತಿತ್ತು. ಸೋನಿಯ ಪ್ಲೇಸ್ಟೇಷನ್ 1994ರ ಡಿಸೆಂಬರಿನಲ್ಲಿ ಬಂತು, ನಿಂಟೆಂಡೋ 64 ಬಂದದ್ದು 1996ರ ಜೂನಿನಲ್ಲಿ. ಹಳೆಯ ಯಂತ್ರಕ್ಕೆಂದು ಎರಡು ಮೂರು ವರ್ಷ ದುಡಿದು ಕಟ್ಟಿದ ಆಟ ಮುಗಿಯುವ ಹೊತ್ತಿಗೆ ಆ ಯಂತ್ರವೇ ಹಳತಾಗಿ ಕೂತಿರುತ್ತಿತ್ತು.

‘ಸ್ಟಾರ್ ಫಾಕ್ಸ್ 2’ ಹಾಗೆ ಸಿಕ್ಕಿಬಿದ್ದ ಆಟ. ಕ್ಯೋಟೋದಲ್ಲಿ ನಿಂಟೆಂಡೋ ತಂಡದ ಜೊತೆ ಕೂತು ಬ್ರಿಟನ್ನಿನ ಡಿಲನ್ ಕತ್‌ಬರ್ಟ್ ಅದರ ಪ್ರೋಗ್ರಾಂ ಬರೆದರು. 1995ರಲ್ಲಿ ಆಟ ಮುಗಿದಿತ್ತು. ಹೊಸ ಯಂತ್ರಗಳ ಎದುರು ಹಳತಾಗಿ ಕಾಣುತ್ತದೆಂದು ಕಂಪನಿ ಅದನ್ನು ಹೊರಗೆ ಬಿಡಲೇ ಇಲ್ಲ. ಇಪ್ಪತ್ತೆರಡು ವರ್ಷ ಕಳೆದು 2017ರ ಸೆಪ್ಟೆಂಬರಿನಲ್ಲಿ, ಹಳೆಯ ಯಂತ್ರದ ಪುಟ್ಟ ಮರುರೂಪವೊಂದನ್ನು ಮಾರುವಾಗ ಅದರೊಳಗೆ ಈ ಆಟವನ್ನೂ ಸೇರಿಸಿ ಕೊಟ್ಟಿತು. ಈ ಸರಣಿಯ ನಾಯಕ ಒಂದು ನರಿ. ಮಿಯಾಮೊಟೊ ನರಿಯನ್ನೇ ಆರಿಸಿಕೊಂಡದ್ದು ತಮ್ಮ ಕಚೇರಿಗೆ ಹತ್ತಿರದ ಫುಶಿಮಿ ಇನಾರಿ ದೇವಸ್ಥಾನದಿಂದ. ಅಲ್ಲಿ ಹೆಜ್ಜೆಹೆಜ್ಜೆಗೂ ಕಲ್ಲಿನ ನರಿಗಳು. ಬಾಹ್ಯಾಕಾಶದಲ್ಲಿ ಯುದ್ಧ ಮಾಡುವ ಆಟಕ್ಕೂ ಚಿತ್ರ ಬರೆಯುವವನು ತನ್ನ ಊರ ದೇವಸ್ಥಾನದಿಂದಲೇ ಏನನ್ನೋ ತರುತ್ತಾನೆ ಎಂಬುದು ನನಗೆ ದೊಡ್ಡ ಧೈರ್ಯ ಕೊಟ್ಟ ಮಾತು.

ಸೆಗಾ ಕಂಪನಿಯ ‘ಸಾನಿಕ್ ಎಕ್ಸ್‌ಟ್ರೀಮ್’ ಕಥೆ ಇನ್ನೂ ಕಠಿಣ. ಅಮೆರಿಕದಲ್ಲಿದ್ದ ಅದರ ತಂಡ 1996ರ ಕ್ರಿಸ್‌ಮಸ್‌ಗೆ ಸ್ಯಾಟರ್ನ್ ಯಂತ್ರಕ್ಕೆ ಆಟ ಕೊಡಬೇಕಿತ್ತು. ಹಗಲು ರಾತ್ರಿ ದುಡಿದು ಪ್ರೋಗ್ರಾಂ ಬರೆಯುತ್ತಿದ್ದ ಕ್ರಿಸ್ ಕಾಫಿನ್ ನ್ಯುಮೋನಿಯಾದಿಂದ ಹಾಸಿಗೆ ಹಿಡಿದರು. ವಿನ್ಯಾಸ ಮಾಡುತ್ತಿದ್ದ ಕ್ರಿಸ್ ಸೆನ್ ಕೂಡ ತೀರಾ ಕಾಯಿಲೆ ಬಿದ್ದರು. ಆಟ ನಿಂತುಹೋಯಿತು. ಮೀನಿನ ಕಣ್ಣಿನಲ್ಲಿ ಕಂಡಂತೆ ಬಾಗಿದ ನೆಲ, ಸುತ್ತಲೂ ತಿರುಗುವ ಲೋಕ ಎಲ್ಲವನ್ನೂ ಬರೆದಿದ್ದ ಸೆನ್ ತಮ್ಮ ಚಿತ್ರಗಳನ್ನು ಮುಚ್ಚಿಡದೆ ಆಮೇಲೆ ಜನರ ಮುಂದಿಟ್ಟರು. ಇವತ್ತು ಆ ಆಟದ ಬಗ್ಗೆ ನಾವು ಬಲ್ಲದ್ದರಲ್ಲಿ ದೊಡ್ಡ ಪಾಲು ಅದರಿಂದಲೇ ಬಂದದ್ದು. ಆ ತಂಡದಲ್ಲಿ ಸೆನ್ ಜೊತೆ ದುಡಿದ ಇನ್ನೊಬ್ಬರು ಓಫರ್ ಅಲೋನ್. ಮುಂದೆ ಅವರು ಜೀಬ್ರಶ್ ಎಂಬ ಸಾಫ್ಟ್‌ವೇರ್ ಕಟ್ಟಿದರು. ಕಂಪ್ಯೂಟರಿನಲ್ಲಿ ಜೇಡಿಮಣ್ಣು ತಿದ್ದಿದ ಹಾಗೆ ಮೂರ್ತಿ ತಿದ್ದಲು ಬರುವ ಆ ಸಾಫ್ಟ್‌ವೇರ್ ಇಲ್ಲದ ಗೇಮ್ ಸ್ಟುಡಿಯೋ ಬೆಂಗಳೂರಿನಲ್ಲಿ ನಾನು ಕಂಡಿಲ್ಲ. ಆಟ ನಿಂತರೂ ಅದರಲ್ಲಿ ದುಡಿದವರ ಕಲಿಕೆ ನಿಲ್ಲುವುದಿಲ್ಲ.

ಬ್ರಿಟನ್ನಿನ ರೇರ್ ಕಂಪನಿ ನಿಂಟೆಂಡೋ 64ಕ್ಕೆ ಕಟ್ಟುತ್ತಿದ್ದ ‘ಡೈನೋಸಾರ್ ಪ್ಲಾನೆಟ್’ಗೆ ಬೇರೆಯೇ ಗತಿಯಾಯಿತು. 2000ದಲ್ಲಿ ಅದನ್ನು ಕಂಡ ಮಿಯಾಮೊಟೊ, ಅದರ ನಾಯಕ ತಮ್ಮ ಸ್ಟಾರ್ ಫಾಕ್ಸ್ ನರಿಯನ್ನು ಹೋಲುತ್ತಾನೆ ಎಂದರು. ನಾಯಕನನ್ನು ಬದಲಿಸಿ, ಯಂತ್ರವನ್ನೂ ಬದಲಿಸಿ, 2002ರಲ್ಲಿ ಅದು ‘ಸ್ಟಾರ್ ಫಾಕ್ಸ್ ಅಡ್ವೆಂಚರ್ಸ್’ ಆಗಿ ಹೊರಬಂತು. ಮೂಲ ಆಟದ ಪ್ರತಿ ಹೊರಬಿದ್ದದ್ದು 2021ರಲ್ಲಿ. ಆವರೆಗೆ ಆ ಲೋಕ ಹೀಗಿತ್ತು ಎಂದು ಹೇಳಲು ಪತ್ರಿಕೆಗಳ ಚಿತ್ರಗಳು, ಪ್ರದರ್ಶನದ ದೃಶ್ಯಗಳು ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

ಹೀಗೆ ಉಳಿದ ಕಾಗದಗಳಿಗೆ ಈಗ ಹೊರದೇಶಗಳಲ್ಲಿ ಮನೆಗಳಾಗಿವೆ. ಅಮೆರಿಕದಲ್ಲಿ 2017ರಲ್ಲಿ ಫ್ರಾಂಕ್ ಸಿಫಾಲ್ಡಿ ಕಟ್ಟಿದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್, ಹಳೆಯ ಪತ್ರಿಕೆ, ಪತ್ರ, ಕರಡು ಚಿತ್ರಗಳನ್ನೆಲ್ಲ ಕೂಡಿಸಿ 2025ರ ಜನವರಿಯಲ್ಲಿ ಡಿಜಿಟಲ್ ಗ್ರಂಥಾಲಯ ತೆರೆಯಿತು. ಟೋಕಿಯೋದಲ್ಲೂ ಇಂಥದ್ದೇ ಒಂದು ಸಂಸ್ಥೆಯಿದೆ. ಇಂಥ ಸಂಸ್ಥೆಗಳ ಸಂಶೋಧಕರಿಗೆ ಬಿಡುಗಡೆಯಾದ ಆಟದಷ್ಟೇ ನಿಂತುಹೋದ ಆಟವೂ ಮುಖ್ಯ. ಒಂದು ಕಸುಬಿನವರು ಯಾವುದನ್ನು ಆರಿಸಿದರು ಎನ್ನುವುದನ್ನು ಯಾವುದನ್ನು ಬಿಟ್ಟರು ಎನ್ನುವುದರ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಆ ಕಸುಬು ಅರ್ಥವಾಗುತ್ತದೆ.

ಇನ್ನು ನಮ್ಮ ಮನೆಯ ವಿಷಯ. ಕರ್ನಾಟಕದಲ್ಲಿ ಈ ಕಸುಬಿನ ಕಥೆ 1997ರ ಮಾರ್ಚಿಗೆ ಹೋಗುತ್ತದೆ. ಆಗ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಶುರುಮಾಡಿದರು. ದೇಶದ ಮೊದಲ ಗೇಮ್ ಕಂಪನಿಗಳಲ್ಲಿ ಅದೊಂದು. ಮರುವರ್ಷ ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿಯಿಂದ ಅವರಿಗೆ ದೊಡ್ಡ ಕೆಲಸ ಸಿಕ್ಕಿತು. ಟಾಮ್ ಕ್ರೂಸ್ ಸಿನಿಮಾದ ಮೇಲೆ ಕಟ್ಟಿದ ‘ಮಿಷನ್ ಇಂಪಾಸಿಬಲ್’ ಆಟ 1998ರಲ್ಲಿ ನಿಂಟೆಂಡೋ 64ಕ್ಕೆ, ಆಮೇಲೆ ಪ್ಲೇಸ್ಟೇಷನ್‌ಗೆ ಬಂತು. ಅದರ ಪಿಸಿ ಆವೃತ್ತಿಯ ಕೆಲಸ ಬೆಂಗಳೂರಿನ ಪಾಲಿಗೆ ಬಂದಿತ್ತು. ಆ ಪಿಸಿ ಆವೃತ್ತಿ ಅಂಗಡಿಗೆ ಬರಲೇ ಇಲ್ಲ. ನಮ್ಮ ನೆಲದ ಹುಡುಗರು ಹೊರದೇಶದ ದೊಡ್ಡ ಆಟಕ್ಕೆ ಕೈಹಾಕಿದ ಮೊದಲ ಕೆಲಸವೇ ಯಾರೂ ಆಡದ ಆಟವಾಯಿತು. ಕರ್ನಾಟಕದ ವಿಡಿಯೋ ಗೇಮ್ ಚರಿತ್ರೆಯ ಮೊದಲ ಪುಟದಲ್ಲಿ ಇದನ್ನು ಗೌರವದಿಂದ ಬರೆಯಬೇಕು, ಯಾಕೆಂದರೆ ಆ ಕೆಲಸದ ಮೇಲೆ ಮುಂದಿನದೆಲ್ಲ ನಿಂತಿತು.

ಸ್ವಂತ ಆಟ ಕಟ್ಟಿ ಜಗತ್ತಿನ ಮಾರುಕಟ್ಟೆಗೆ ಒಯ್ಯುವಷ್ಟು ಬಂಡವಾಳ ಆಗ ಇಲ್ಲಿ ಯಾರಿಗೂ ಇರಲಿಲ್ಲ. ಧ್ರುವ ಮೊಬೈಲ್ ಆಟಗಳತ್ತ ಹೋಯಿತು, ಚಾರ್ಲಿ ಚಾಪ್ಲಿನ್ ರೂಪವನ್ನು ಮೊಬೈಲ್ ಆಟಗಳಲ್ಲಿ ಬಳಸುವ ಹಕ್ಕು ಪಡೆಯಿತು. ಇದನ್ನು ಥಾಮಸ್ ಫ್ರೀಡ್ಮನ್ ತಮ್ಮ 2005ರ ‘ದ ವರ್ಲ್ಡ್ ಈಸ್ ಫ್ಲಾಟ್’ ಪುಸ್ತಕದಲ್ಲಿ ಬರೆದಿದ್ದಾರೆ. ಆದರೆ ಬೆಂಗಳೂರಿಗೆ ಅನ್ನ ಕೊಟ್ಟದ್ದು ಹೊರಗಿನ ಕಂಪನಿಗಳಿಗೆ ಚಿತ್ರ ಮಾಡಿಕೊಡುವ ಕೆಲಸ. ‘ಫೋರ್ಜಾ’ ಆಟಗಳ ಕಾರುಗಳು, ‘ಸೀ ಆಫ್ ಥೀವ್ಸ್’, ‘ಡೇಸ್ ಗಾನ್’ ಮೊದಲಾದ ಆಟಗಳ ವಸ್ತುಗಳು ನಮ್ಮವರ ಕೈಯಲ್ಲಿ ರೂಪ ಪಡೆದವು. 2016ರ ಕೊನೆಗೆ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಧ್ರುವದ ಬಹುಪಾಲನ್ನು ಕೊಂಡಿತು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡು ತನ್ನ ಬೆಂಗಳೂರಿನ ಸ್ಟುಡಿಯೋ ಜೊತೆ ಸೇರಿಸಿಕೊಂಡಿತು. ಕಂಪನಿ ಕೈ ಬದಲಾದಾಗ ಅದರ ಕಪಾಟು, ಸರ್ವರ್‌ಗಳೂ ಕೈ ಬದಲಾಗುತ್ತವೆ. ಬರೆದವನ ಕೈಗೆ ಮಾತ್ರ ಏನೂ ಬರುವುದಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ಪ್ಲೇಸ್ಟೇಷನ್ 3, ಎಕ್ಸ್‌ಬಾಕ್ಸ್ 360 ಕಾಲದಲ್ಲಿ. ಸ್ಟುಡಿಯೋ ಹೆಸರನ್ನೂ ಆಟದ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಒಂದು ಕೋಟೆ ಊರಿನ ಕಥೆ. ಹೊರದೇಶದ ಕಂಪನಿಯ ಆಟ. ಊರ ನಡುವಿನ ಬಾವಿ ನನ್ನ ಪಾಲಿಗೆ ಬಂತು. ಅವರು ಕಳಿಸಿದ್ದು ಯುರೋಪಿನ ಬಾವಿಗಳ ಫೋಟೋ. ನಾನು ಅವುಗಳ ಆಕಾರ ಇಟ್ಟುಕೊಂಡೆ. ಕಲ್ಲಿಗೆ ಬಂದಾಗ ಮಾತ್ರ ಕೈ ತಾನಾಗಿ ಯಗಟಿಯ ಸೇದುವ ಬಾವಿಗೆ ಹೋಯಿತು.

ಆ ಹಾಳೆಯನ್ನು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ. ಎಡಭಾಗದಲ್ಲಿ ಇಡೀ ಬಾವಿ, ಸ್ವಲ್ಪ ಮೇಲಿನಿಂದ ಓರೆಯಾಗಿ ಕಂಡಂತೆ. ಅದರ ಪಕ್ಕ ಅಳತೆಗೆಂದು ಬೂದು ಬಣ್ಣದ ಒಬ್ಬ ಮನುಷ್ಯ. ಬಲಕ್ಕೆ ಒಂದೊಂದಾಗಿ ಬಿಡಿಸಿದ ಭಾಗಗಳು: ರಾಟೆ, ಅದರ ಕಬ್ಬಿಣದ ಅಚ್ಚು, ಹಗ್ಗದ ಗಂಟು, ನೆಗ್ಗಿದ ಕೊಡ. ಕೆಳಗೆ ಒಂದು ಪಟ್ಟಿಯಲ್ಲಿ ಕಲ್ಲಿನ ಹತ್ತಿರದ ನೋಟ. ರಾಟೆ ಬರುವ ಮೊದಲು ಜನ ಕಟ್ಟೆಯ ಮೇಲಿಂದಲೇ ನೀರು ಸೇದುತ್ತಿದ್ದ ಕಾಲದ ಗುರುತು ಅಲ್ಲಿತ್ತು. ಹಗ್ಗ ಉಜ್ಜಿ ಉಜ್ಜಿ ಕಲ್ಲಿನ ಅಂಚಿನಲ್ಲಿ ಬಿದ್ದ ಗೀರುಗಳು, ಬೆರಳು ಹೂತುಹೋಗುವಷ್ಟು ಆಳ, ಒಳಗೆ ಬೆಣ್ಣೆಯಂತೆ ನುಣುಪು. ಅವು ಒಂದೇ ಅಂತರದಲ್ಲಿ ಇರುವುದಿಲ್ಲ. ಮೆಟ್ಟಿಲ ಕಡೆ ಹೆಚ್ಚು, ಹಿಂಭಾಗದಲ್ಲಿ ಕಡಿಮೆ. ಜನ ನಿಂತು ಸೇದುವುದು ಮೆಟ್ಟಿಲ ಕಡೆಯೇ. ನಾನು ಅದನ್ನೂ ಹಾಗೆಯೇ ಬರೆದಿದ್ದೆ.

ಹೊರದೇಶದ ಕಲಾ ನಿರ್ದೇಶಕರು ಹಾಳೆಯ ಮೇಲೆ ಆ ಗೀರುಗಳಿಗೆ ಕೆಂಪು ಸುತ್ತು ಹಾಕಿ, ಇವೇನು ಎಂದು ಕೇಳಿದರು. ಹಗ್ಗದ ಸವೆತ, ನಮ್ಮ ಊರಿನ ಬಾವಿಯಲ್ಲಿ ಹೀಗಿರುತ್ತದೆ ಎಂದು ಬರೆದು ಕಳಿಸಿದೆ. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ, ಆ ಊರಿನ ಹೊಸ್ತಿಲು, ಮೆಟ್ಟಿಲು, ಗೂಟ, ಬೀಸುವ ಕಲ್ಲು ಎಲ್ಲದರಲ್ಲೂ ಜನ ಬಳಸಿದ ಸವೆತ ಕಾಣಬೇಕೆಂದು ಇಡೀ ತಂಡಕ್ಕೆ ಹೇಳಿದರು. ಯಗಟಿಯ ಹೆಂಗಸರು ತಲೆತಲಾಂತರ ನೀರು ಸೇದಿ ಮಾಡಿದ ಗೀರು, ಎಲ್ಲಿಯದೋ ಕೋಟೆ ಊರಿನ ಕಲ್ಲುಕಲ್ಲಿಗೂ ಹಬ್ಬಿತು.

ಆಮೇಲೊಂದು ಮಧ್ಯಾಹ್ನ ಎಲ್ಲರನ್ನೂ ಮೀಟಿಂಗಿಗೆ ಕರೆದು, ಆಟ ನಿಂತಿದೆ ಎಂದರು. ಕುರ್ಚಿಗೆ ಮರಳುವಷ್ಟರಲ್ಲಿ ಸರ್ವರ್‌ನ ಆ ಫೋಲ್ಡರ್ ನಮಗೆ ಮುಚ್ಚಿತ್ತು. ಮೇಜಿನ ಮೇಲಿದ್ದ ಪೆನ್ಸಿಲ್ ಕರಡುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿಸಿ ಕಾಗದ ಚೂರು ಮಾಡುವ ಯಂತ್ರಕ್ಕೆ ಕೊಟ್ಟರು. ನಮ್ಮ ತಂಡದ ಹಿರಿಯರು ಒಬ್ಬೊಬ್ಬರ ಹತ್ತಿರ ಬಂದು ಹೆಗಲು ತಟ್ಟಿದರು. “ಬೇಜಾರು ಮಾಡ್ಕೋಬೇಡ್ರಪ್ಪ, ನಾಳೆಯಿಂದ ಬೇರೆ ಆಟದ ಕೆಲಸ ಬರುತ್ತೆ.” ಹೊಸ ಕೆಲಸವೂ ಬಂತು, ಸಂಬಳವೂ ನಿಲ್ಲಲಿಲ್ಲ. ಪೆಟ್ಟು ಬಿದ್ದದ್ದು ಆಮೇಲೆ. ಬೇರೆ ಕಡೆ ಕೆಲಸ ಕೇಳಲು ಹೋದಾಗ, “ಈ ಅವಧಿಯಲ್ಲಿ ಮಾಡಿದ ಕೆಲಸ ತೋರಿಸಿ” ಎಂದರು. ತೋರಿಸಲು ನನ್ನ ಹತ್ತಿರ ಒಂದು ಹಾಳೆಯೂ ಇರಲಿಲ್ಲ. ಆಟ ಬಿಡುಗಡೆಯಾಗಿದ್ದರೆ ಕೊನೆಯ ಪಟ್ಟಿಯಲ್ಲಿ ಹೆಸರಾದರೂ ಇರುತ್ತಿತ್ತು. ಗುಟ್ಟು ಕಾಯುವ ಒಪ್ಪಂದಕ್ಕೆ ಸಹಿ ಹಾಕಿದವನಿಗೆ ಆ ಆಟದ ಹೆಸರೆತ್ತುವ ಹಕ್ಕೂ ಇಲ್ಲ. ಬೆಂಗಳೂರಿನಲ್ಲಿ ನನ್ನಂಥವರು ಬಹಳ ಜನ. ನಮ್ಮ ಬದುಕಿನ ಒಳ್ಳೆಯ ವರ್ಷಗಳು ಬಯೋಡೇಟಾದಲ್ಲಿ ಖಾಲಿ ಜಾಗವಾಗಿವೆ.

ಒಪ್ಪಂದ ಇರಬಾರದು ಎಂದು ನಾನು ಹೇಳುವುದಿಲ್ಲ. ಬಿಡುಗಡೆಗೆ ಮೊದಲು ನಾಯಕನ ಚಿತ್ರ ಸೋರಿಹೋದರೆ ನೂರಾರು ಜನರ ದುಡಿಮೆ ಹಾಳಾಗುತ್ತದೆ. ಆದರೆ ಆಟ ನಿಂತು ದಶಕ ಕಳೆದು, ಅದು ಓಡಬೇಕಿದ್ದ ಯಂತ್ರವೇ ಗುಜರಿಗೆ ಸೇರಿದ ಮೇಲೆ ಯಾವ ಗುಟ್ಟು ಉಳಿದಿರುತ್ತದೆ?

ಆಟದ ಚಿತ್ರವನ್ನು ಜೋಪಾನ ಮಾಡುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಆಟ ಕಟ್ಟುವುದರಲ್ಲಿ ದೊಡ್ಡ ಪ್ರತಿಭೆ. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡು ಸಲ ತುಳಿಯದೆ ಇಡೀ ಮಣೆ ಸುತ್ತುವ ದಾರಿಗಳನ್ನು ಕಂಡುಹಿಡಿದರು, ಹಲಗೆಯಾಟಗಳನ್ನು ರಚಿಸಿದರು, ಎಲೆಯಾಟಗಳನ್ನು ಹೊಸದಾಗಿ ಕಟ್ಟಿದರು. ದಶಾವತಾರ ಗಂಜೀಫ ಎಂಬ ಎಲೆಯಾಟದಲ್ಲಿ 10 ಬಗೆಯ 120 ಎಲೆಗಳಾದರೆ, ಅವರು ಕಟ್ಟಿದ ಛದ ಎಂಬ ಎಲೆಯಾಟಗಳಲ್ಲಿ 18 ಬಗೆಯವರೆಗೆ, 360 ಎಲೆಗಳವರೆಗೆ ಇದ್ದವು. ಅಷ್ಟು ಬಿಗಿಯಾದ ಲೆಕ್ಕದ ಆಟಗಳು ಅರಮನೆಯಿಂದ ಊರಿಗೆ ಇಳಿಯಲಿಲ್ಲ. ಜನ ಚೌಕಾಬಾರ, ಹುಲಿ ಕುರಿ, ಅಳಿಗುಳಿಮಣೆಗಳನ್ನೇ ಆಡಿಕೊಂಡಿದ್ದರು. ಒಡೆಯರ ಆಟಗಳು ನಮ್ಮ ಮಟ್ಟಿಗೆ ಬಿಡುಗಡೆಯಾಗದ ಆಟಗಳೇ.

ಆದರೂ ಅವುಗಳ ಎಲೆ ಹೇಗಿತ್ತು, ಯಾವ ದೇವರಿಗೆ ಯಾವ ಬಣ್ಣ, ಯಾವ ವಾಹನ ಎಂದು ಇವತ್ತಿಗೂ ಹೇಳಬಹುದು. ಒಡೆಯರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಆಟಗಳ ವಿವರವೆಲ್ಲ ಅದರಲ್ಲಿದೆ. ಶ್ರೀತತ್ತ್ವನಿಧಿಯ ಸಚಿತ್ರ ಪ್ರತಿ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿದೆ, ಇನ್ನೊಂದು ಅರಮನೆಯಲ್ಲಿದೆ. ಒಡೆಯರು ತೀರಿಕೊಂಡದ್ದು 1868ರಲ್ಲಿ. ಅದಾಗಿ ನೂರು ವರ್ಷ ದಾಟಿದ ಮೇಲೆ ಉಡುಪಿ ಕಡೆಯಿಂದ ಬಂದ ಗಂಜೀಫಾ ರಘುಪತಿ ಭಟ್ಟರು ಮೈಸೂರು ಗಂಜೀಫಕ್ಕೆ ಮತ್ತೆ ಜೀವ ಕೊಟ್ಟರು. ಹಳೆಯ ಎಲೆ, ಹಳೆಯ ಬರಹ ಉಳಿದಿದ್ದರಿಂದ ಆ ಕೆಲಸಕ್ಕೆ ನೆಲೆ ಸಿಕ್ಕಿತು. ಆಡುವವರು ಇಲ್ಲವೆಂದು ಅರಮನೆಯವರು ಆ ಹಾಳೆಗಳನ್ನು ಒಲೆಗೆ ಹಾಕಿದ್ದರೆ ಮೈಸೂರಿನ ಚಿತ್ರಕಲೆಯ ಒಂದು ಕೊಂಬೆಯೇ ಒಣಗಿಹೋಗುತ್ತಿತ್ತು.

ಅರಮನೆ ಮಾಡಿದ್ದನ್ನು ಈಗ ಸರ್ಕಾರ, ಕಾಲೇಜು, ಕಂಪನಿಗಳು ಸೇರಿ ಮಾಡಬಹುದು. ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್‌ಗೆಂದು 2012ರಲ್ಲೇ ಪ್ರತ್ಯೇಕ ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ. ಈಗ ನಡೆಯುತ್ತಿರುವುದು 2024ರಿಂದ 2029ರವರೆಗಿನ ಮೂರನೆಯ ನೀತಿ. ಬೆಂಗಳೂರಿನಲ್ಲಿ ಇದಕ್ಕೆಂದೇ ಉತ್ಕೃಷ್ಟತಾ ಕೇಂದ್ರವಿದೆ. ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಕಲಾ ಕಾಲೇಜು, ದಾವಣಗೆರೆಯ ನಮ್ಮ ಕಾಲೇಜು ವರ್ಷವರ್ಷವೂ ಈ ಕಸುಬಿಗೆ ಮಕ್ಕಳನ್ನು ಕಳಿಸುತ್ತಿವೆ. ತರಬೇತಿ, ಸಬ್ಸಿಡಿ, ಉದ್ಯೋಗ ಎಲ್ಲವೂ ಬೇಕು, ಬರಲಿ. ಅದರ ಜೊತೆಗೆ ಒಂದು ಭಂಡಾರ ಬೇಕು. ಇಲ್ಲಿ ಕೂತು ಬರೆದ, ನಿಂತುಹೋದ ಆಟಗಳ ಹಾಳೆಗಳು ಅದರಲ್ಲಿ ಬರೆದವರ ಹೆಸರು, ಊರು, ಇಸವಿ ಸಮೇತ ಇರಬೇಕು. ಕಾಗದವೇ ಉಳಿಯದ ಕಡೆ, ಆ ಕೆಲಸ ಮಾಡಿದವರನ್ನು ಕೂರಿಸಿ ಅವರ ಮಾತನ್ನಾದರೂ ದಾಖಲಿಸಬೇಕು. ಧ್ರುವದ ಮೊದಲ ತಂಡದ ತಲೆಮಾರಿನವರು ಇನ್ನೂ ದುಡಿಯುವ ವಯಸ್ಸಿನಲ್ಲೇ ಇದ್ದಾರೆ. ಕೇಳಲು ಇದೇ ಸಮಯ.

ನನ್ನ ಹತ್ತಿರ ಚಿತ್ರ ಕಲಿಯುವ ಮಕ್ಕಳು ಮೊಬೈಲಿನಲ್ಲಿ ಆಟ ಕಟ್ಟುವ ಕನಸು ಕಾಣುತ್ತಾರೆ. ಮೊದಲ ದಿನವೇ ಅವರಿಗೆ ಒಂದು ನಿಯಮ ಹೇಳುತ್ತೇನೆ: ಬರೆದ ಹಾಳೆ ಯಾವುದನ್ನೂ ಹರಿಯಬಾರದು. ಕೈಬಿಟ್ಟ ಚಿತ್ರದ ಹಿಂದೆ ಹೆಸರು, ತಾರೀಖು, ಯಾಕೆ ಕೈಬಿಟ್ಟೆ ಎಂಬ ಒಂದು ಸಾಲು ಬರೆದು ಕಡತಕ್ಕೆ ಸೇರಿಸಬೇಕು. ಒಬ್ಬ ಹುಡುಗಿ ಮೊನ್ನೆ ಚಿರತೆಯ ಮುಖದ ಒಬ್ಬ ಪೂಜಾರಿಯನ್ನು ಬರೆದು, ಬೇಡವೆಂದು ಬಿಟ್ಟು, ಹಿಂದೆ ಹೀಗೆ ಬರೆದಿದ್ದಳು: “ನಗುವಾಗ ಬೆಕ್ಕಿನ ಹಾಗೆ ಕಾಣುತ್ತಾನೆ, ಹೆದರಿಕೆ ಬರಲ್ಲ.” ಆ ಒಂದು ಸಾಲಿನಲ್ಲಿ ಕಲಿಕೆಯೆಲ್ಲ ಇದೆ. ಚಿತ್ರ ಹೋದರೆ ಅದೂ ಹೋಗುತ್ತದೆ.

ಕಂಪನಿಗಳನ್ನು ನಾನು ಕೇಳುವುದು ಇಷ್ಟೇ. ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ: ಆಟ ನಿಂತು ಹತ್ತು ವರ್ಷವಾದ ಮೇಲೆ ಅದರ ಚಿತ್ರಗಳನ್ನು ಬರೆದವರು ತೋರಿಸಬಹುದು, ಭಂಡಾರಕ್ಕೆ ಕೊಡಬಹುದು. ಇದರಿಂದ ನಿಮಗೆ ಒಂದು ರೂಪಾಯಿ ನಷ್ಟವಿಲ್ಲ. ನಮ್ಮ ಕಡೆಯ ನೂರಾರು ಹುಡುಗ ಹುಡುಗಿಯರಿಗೆ ತಾವು ದುಡಿದ ವರ್ಷಗಳು ಮರಳಿ ಸಿಗುತ್ತವೆ. ಕಡೂರು, ಹಾಸನ, ಗದಗ, ರಾಯಚೂರುಗಳಿಂದ ಬಂದು ಜಗತ್ತಿನ ಆಟಗಳಿಗೆ ಕಲ್ಲು, ಬಾಗಿಲು, ಬಾವಿ ಬರೆದವರು ಯಾರು ಎಂದು ಮುಂದಿನವರು ಕೇಳಿದರೆ, ಅವರ ಹೆಸರು ಹಾಳೆಯ ಮೇಲೆಯೇ ಇರುತ್ತದೆ.